ರಾಮಲಕ್ಷ್ಮಮ್ಮ ಸಾಲು ಬಿಟ್ಟು ಏಳುವುದಿಲ್ಲ

ಬೆಳಕು ಹರಿಯುವ ಹೊತ್ತು. ಕೋಲಾರದ ಟೊಮೆಟೊ ಮಾರುಕಟ್ಟೆಯಲ್ಲಿ ವಕ್ಕಲೇರಿಯ ರಾಮಲಕ್ಷ್ಮಮ್ಮ ರಾಶಿಯ ಮುಂದೆ ಕೂತು ಹಣ್ಣು ವಿಂಗಡಿಸುತ್ತಿದ್ದಾರೆ. ದಪ್ಪದ್ದು ಒಂದು ಕ್ರೇಟಿಗೆ, ಸಣ್ಣದು ಇನ್ನೊಂದಕ್ಕೆ. ಕೈಗೆ ಬಟ್ಟೆಯ ಗ್ಲೌಸು, ಅದರ ಮೇಲೆ ರಬ್ಬರಿನದು. ಸಾಲಿನಲ್ಲಿ ಅಕ್ಕಪಕ್ಕದ ಹೆಂಗಸರು ಅವರಿಂದ ಮೊಳದಷ್ಟು ಜಾಗ ಬಿಟ್ಟು ಕೂತಿದ್ದಾರೆ. ಅದನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಗ್ಲೌಸಿನೊಳಗಿನ ಕೈಗೆ ಎಸ್ಜಿಮಾ. ಚರ್ಮ ಒಣಗಿ ಬಿರುಕು ಬಿಟ್ಟು, ತುರಿಸಿ ತುರಿಸಿ ರಕ್ತ ಬರುತ್ತಿತ್ತು. ಇದು ಯಾರಿಗೂ ಅಂಟುವ ಕಾಯಿಲೆ ಅಲ್ಲ ಎಂದು ಚರ್ಮವೈದ್ಯೆ ಶಿವಾನಿ ಸ್ಪಷ್ಟವಾಗಿ ಹೇಳಿದ್ದಾರೆ. ನಾನೂ ಕೇಳಿ ಬಂದಿದ್ದೇನೆ. ಮಂಡಿಯವರ ಕಿವಿಗೆ ಮಾತ್ರ ಅದು ಹೋಗುವುದಿಲ್ಲ.

ಇಲ್ಲಿನವರಿಗೆಲ್ಲ ಒಂದು ಅಭ್ಯಾಸ. ಟೊಮೆಟೊ ತೊಟ್ಟಿನ ಕಪ್ಪು ಜಿಗುಟು ಕೈಗೆ ಹತ್ತಿದರೆ ಸೋಪಿಗೆ ಬಗ್ಗುವುದಿಲ್ಲ. ಅದಕ್ಕೇ ಹುಳಿ ಟೊಮೆಟೊ ಕಿವುಚಿ, ಅದರಿಂದಲೇ ಕೈ ತಿಕ್ಕುತ್ತಾರೆ. ಕಲೆ ಹೋಗುತ್ತದೆ, ನಿಜ. ರಾಮಲಕ್ಷ್ಮಮ್ಮ ಬಿರುಕು ಬಿಟ್ಟ ಚರ್ಮಕ್ಕೂ ಹಾಗೇ ತಿಕ್ಕುತ್ತಾ ಬಂದರು.

"ಉರೀತಿತ್ತು ಸಾರ್. ಉರಿದ್ರೆ ಕಾಯಿಲೆ ಸಾಯ್ತೈತೆ ಅಂದ್ಕೊಂಡೆ," ಎನ್ನುತ್ತಾರೆ.

ಸಾಲದ್ದಕ್ಕೆ, ಔಷಧಿ ಅಂಗಡಿಯವನು ಡಾಕ್ಟರ ಚೀಟಿಯನ್ನೂ ಕೇಳದೆ ಸ್ಟೀರಾಯ್ಡ್ ಮುಲಾಮಿನ ಒಂದು ಟ್ಯೂಬು ಕೊಟ್ಟ. ಹಚ್ಚಿದಾಗ ತುರಿಕೆ ಮಾಯ, ಬಿಟ್ಟರೆ ಮೊದಲಿಗಿಂತ ಜೋರು. ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳುವಾಯಿತು. ಕೊಟ್ಟವನಿಗೆ ನಾಚಿಕೆ ಬೇಡವೇ?

ಈಗ ಹುಳಿ ತಿಕ್ಕುವುದನ್ನು ಬಿಟ್ಟಿದ್ದಾರೆ. ಕೈ ತೊಳೆದು ಒದ್ದೆ ಆರುವ ಮುನ್ನವೇ ವೈದ್ಯೆ ಬರೆದುಕೊಟ್ಟ ಮುಲಾಮು, ಆಮೇಲೆ ಆಗಾಗ ವ್ಯಾಸಲೀನು, ಕೆಲಸಕ್ಕೆ ಗ್ಲೌಸು. ಬಿರುಕು ಕೂಡಿಕೊಳ್ಳುತ್ತಿದೆ. ಕೂಡಿಕೊಳ್ಳುತ್ತಿರುವ ಈ ಹೊತ್ತಿಗೇ ಮಂಡಿ ಮಾಲೀಕ ಅಮರನಾಥ್ ತಗಾದೆ ತೆಗೆದಿದ್ದಾರೆ. ಗ್ಲೌಸು ಕಂಡರೆ ಗಿರಾಕಿಗಳು ಹೆದರುತ್ತಾರಂತೆ. ಇವರು ಮಂಡಿಯ ಹಿಂದೆ ಹೋಗಿ ಕೊಳೆತದ್ದನ್ನು ಆರಿಸಬೇಕಂತೆ. ಅಲ್ಲಿ ಇಡೀ ದಿನ ಕೊಳೆತ ಹಣ್ಣಿನ ರಸದಲ್ಲೇ ಕೈ! ಇದಕ್ಕೆ ಬುದ್ಧಿ ಅನ್ನುತ್ತಾರೆಯೇ?

ಹಾಗೆ ಹಿಂದೆ ಹೋದವರನ್ನು ಮಾಲು ಹೆಚ್ಚಾದ ದಿನ ಮಾತ್ರ ಕೆಲಸಕ್ಕೆ ಕರೆಯುತ್ತಾರೆ. ಸಾಲಿನ ಜಾಗ ಹೋದರೆ ರಾಮಲಕ್ಷ್ಮಮ್ಮನವರ ನಿತ್ಯದ ಕೆಲಸವೇ ಹೋದಂತೆ. ಅಂಟುರೋಗ ಅಲ್ಲವೆಂದು ನಾನು ಅಮರನಾಥ್ ಅವರಿಗೆ ವಿವರಿಸಲು ಹೋದೆ. ಅವರು ಫೋನು ಕಿವಿಗಿಟ್ಟುಕೊಂಡು ಲಾರಿ ಕಡೆ ನಡೆದರು.

ಅವರೇ ಬಂದು ಎಬ್ಬಿಸಿದರೆ ಏನು ಮಾಡುತ್ತೀರಿ ಎಂದು ರಾಮಲಕ್ಷ್ಮಮ್ಮನವರನ್ನು ಕೇಳಿದೆ. ಅವರು ಕೈ ನಿಲ್ಲಿಸಲಿಲ್ಲ.

"ನಾನು ಆರಿಸಿದ ಕ್ರೇಟಲ್ಲಿ ಒಂದೇ ಒಂದು ಕೆಟ್ಟ ಹಣ್ಣು ತೋರಿಸ್ಲಿ, ಎದ್ದು ಹೋಗ್ತೀನಿ. ಇವತ್ತಿನವರ್ಗೂ ಯಾರೂ ತೋರಿಸಿಲ್ಲ."