ಅರವತ್ತಕ್ಕೆ ಕಟ್ಟಿದ ಗಾಡಿ

ಶಿರಗುಪ್ಪಿಯಲ್ಲಿ ಬಾಹುಬಲಿ ಮಿಸ್ತ್ರಿಯ ಗ್ಯಾರೇಜಿಗೆ ಗಾಡಿ ಒಯ್ದವರು ರಿಪೇರಿಯ ಜೊತೆಗೆ ಒಂದು ಉಪದೇಶವನ್ನೂ ಹೊತ್ತು ತರಬೇಕಾಗುತ್ತಿತ್ತು. ಅದು ಪುಕ್ಕಟೆ, ಬೇಡವೆಂದರೂ ಬಿಡುತ್ತಿರಲಿಲ್ಲ. ಮೂವತ್ತೈದು ವರ್ಷ ಮೋಟಾರ್‌ಸೈಕಲ್ ಬಿಚ್ಚಿ ಕಟ್ಟಿದ ಮನುಷ್ಯ. ಸದ್ದು ಕೇಳಿಯೇ ಇಂಜಿನ್ನಿನ ಯಾವ ಮೂಲೆಯಲ್ಲಿ ನೋವಿದೆ ಎಂದು ಹೇಳುತ್ತಿದ್ದ. ಎದುರಿಗಿದ್ದವರ ಮುಖ ನೋಡಿ ಸುಮ್ಮನಾಗುವ ವಿದ್ಯೆಯೊಂದು ಮಾತ್ರ ಅವನಿಗೆ ಒಲಿದಿರಲಿಲ್ಲ.

"ಮಿಸ್ತ್ರಿ, ಎಷ್ಟು ಸಿಸಿ ಗಾಡಿ ತಗೊಳ್ಲಿ?" ಎಂದು ಯಾರಾದರೂ ಹುಡುಗ ಕೇಳಿದರೆ ಸಾಕು, ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟು ಶುರು ಮಾಡುತ್ತಿದ್ದ.

"ನಮ್ಮ ರಸ್ತೆ ಯಾವುದಪಾ? ಕಾಗವಾಡ, ಅಥಣಿ, ಬಾಳ ಅಂದ್ರ ಮಿರಜ. ಅದರಾಗ ಕಬ್ಬಿನ ಟ್ರ್ಯಾಕ್ಟರ್, ಎಮ್ಮಿ, ಮದವಿ ಮೆರವಣಿಗಿ. ನೂರಾ ಐವತ್ತು ಸಿಸಿ ಒಬ್ಬನ ಖುಷಿಗೂ ಸಾಕು, ಇಬ್ಬರ ಹೊರಿಗೂ ಸಾಕು. ಅದರ ಮ್ಯಾಲಿಂದೆಲ್ಲಾ ಮಂದಿಗೆ ತೋರ್ಸಾಕ. ಹಾಸಿಗಿ ಇದ್ದಷ್ಟ ಕಾಲ ಚಾಚಬೇಕ. ಇನ್ನೊಂದ್ ಮಾತ ಕೇಳ್. ಸಿಸಿ ಎಷ್ಟರ ಇರ್ಲಿ, ನಿನ್ನ ಕೈಗೆ ಎಷ್ಟು ಗೊತ್ತೈತಿ ಅಷ್ಟ ಗಾಡಿ ನಿಂದು. ಉಳದದ್ದು ಯಮಂದು."

ಮಾತು ಬರಿಯ ಬಾಯಿಮಾತಾಗಿರಲಿಲ್ಲ. ಹರೆಯದಲ್ಲಿ ಅವನೇ ಎರಡು ಸಿಲಿಂಡರಿನ ಗಾಡಿ ಹತ್ತಿ ಮಿರಜಿನವರೆಗೆ ಪಂದ್ಯ ಕಟ್ಟಿ ಓಡಿಸಿದವನು. ಮ್ಹೈಸಾಳದ ತಿರುವಿನಲ್ಲಿ ಬಿದ್ದು ಮುರಿದ ಎಡ ಹೆಗಲು ಇಂದಿಗೂ ಬಲಕ್ಕಿಂತ ಎರಡು ಬೆರಳು ಕೆಳಗಿದೆ. ಅಂಗಿ ಹೊಲಿಯುವ ದರ್ಜಿ ಪ್ರತಿ ಸಲ ಅದನ್ನು ನೆನಪಿಸುತ್ತಾನೆ. ಆದರೆ ಉಪದೇಶದ ಆ ಎರಡನೆಯ ಭಾಗವನ್ನು, ಆ ಕೈಯ ಮಾತನ್ನು, ಹೇಳಿದವನೇ ಮರೆತ. ಈ ಕಥೆಯ ಪಾಪವೆಲ್ಲ ಅಲ್ಲಿದೆ.

ಭೀಮಗೊಂಡ ಪಾಟೀಲ ಅವನ ಶಾಲೆಯ ದಿನಗಳ ಗೆಳೆಯ. ಕಬ್ಬು, ದ್ರಾಕ್ಷಿ ಎರಡೂ ಇದ್ದ ಮನೆ. ಒಬ್ಬನೇ ಮಗ ಅಭಿನಂದನ, ಇಪ್ಪತ್ತಾರರ ಹುಡುಗ. ದ್ರಾಕ್ಷಿ ತೋಟವನ್ನು ಅವನೇ ನೋಡಿಕೊಳ್ಳುತ್ತಿದ್ದ. ಸ್ವಂತ ದುಡಿಮೆಯಲ್ಲಿ ನಾನೂರು ಸಿಸಿಯ ಗಾಡಿ ತಂದಾಗ ಬಾಹುಬಲಿ ಅವನಿಗೂ ಉಪದೇಶ ಮಾಡಿದ್ದ. ಹುಡುಗ ನಕ್ಕು, "ಕಾಕಾ, ನಾ ಓಡ್ಸೂದ ನೋಡಿ ಆಮ್ಯಾಲ ಬೈರ್ರಿ" ಎಂದಿದ್ದ. ನೋಡಿದರೆ ಬೈಯುವುದಕ್ಕೆ ಏನೂ ಸಿಗಲಿಲ್ಲ. ಹೆಲ್ಮೆಟ್ಟಿಲ್ಲದೆ ಹತ್ತುತ್ತಿರಲಿಲ್ಲ, ಊರೊಳಗೆ ಮೂವತ್ತು ದಾಟುತ್ತಿರಲಿಲ್ಲ. ಮೂರು ವರ್ಷದಲ್ಲಿ ಗಾಡಿಗೆ ಒಂದು ಗೀರೂ ಬಿದ್ದಿರಲಿಲ್ಲ. ಆ ಬಲ ಅವನ ಕೈಗೆ ಗೊತ್ತಿತ್ತು. ಬಾಹುಬಲಿಯೂ ಅದನ್ನು ಕಂಡಿದ್ದ. ಆದರೆ ಒಪ್ಪಿಕೊಂಡರೆ ಮೂವತ್ತೈದು ವರ್ಷದ ಉಪದೇಶ ಎಲ್ಲಿಗೆ ಹೋಗಬೇಕು?

ಕಬ್ಬು ಕಡಿಯುವ ದಿನಗಳು ಬಂದವು. ಉಗಾರದ ಕಡೆ ಇಬ್ಬರು ಹುಡುಗರು ಟ್ರ್ಯಾಕ್ಟರಿಗೆ ಗುದ್ದಿ ಸತ್ತ ಸುದ್ದಿ ಬಂತು. ಭೀಮಗೊಂಡನಿಗೆ ಊಟ ಸೇರದಾಯಿತು. ಮಗನ ಗಾಡಿ ಸರ್ವಿಸಿಗೆ ಬಂದಿದ್ದ ಹೊತ್ತಿನಲ್ಲಿ ಒಬ್ಬನೇ ಗ್ಯಾರೇಜಿಗೆ ಬಂದು ಸ್ಟೂಲಿನ ಮೇಲೆ ಕೂತ.

"ಬಾಹುಬಲಿ, ಇದನ್ನ ಒಂದೀಟ ಕಟ್ಟಿ ಹಾಕ. ಅರವತ್ತರ ಮ್ಯಾಲ ಹೋಗಬಾರ್ದು. ಅವಗ ಗೊತ್ತಾಗಬಾರ್ದು."

"ಹುಚ್ಚ ಹಿಡದೈತೇನ್ಲೇ? ಗಾಣದ ಎತ್ತಿಗೆ ಕಣ್ಣ ಕಟ್ಟತಾರ. ರಸ್ತೆ ಮ್ಯಾಲಿನವಗ ಕಟ್ಟಬಾರ್ದು."

"ನೀನ ಊರಿಗೆಲ್ಲಾ ಸಾರತಿ, ಇಷ್ಟ ಬಲ ಬ್ಯಾಡ ಅಂತ. ನನ್ನ ಮಗನ ಪಾಳಿ ಬಂದಾಗ ಬರೇ ಮಾತಿನಾಗ ಕೈ ತೊಳ್ಕೋತಿ? ಇದ್ದಾವ ಒಬ್ಬ ಅದಾನೋ ನನಗ."

ಗೆಳೆಯನ ಕಣ್ಣಲ್ಲಿ ನೀರಿತ್ತು. ಬಾಹುಬಲಿ ಕರಗಿದ. ಕಣ್ಣೀರಿಗೆ ಕರಗಿದನೋ, ಗೆಳೆಯ ತನ್ನ ಮಾತನ್ನೇ ತನಗೆ ಒಪ್ಪಿಸಿದ್ದಕ್ಕೆ ಉಬ್ಬಿದನೋ, ಹೇಳುವುದು ಕಷ್ಟ. ಎರಡೂ ಇರಬೇಕು. ಅಂದೇ ಹಿತ್ತಾಳೆಯ ಒಂದು ಬಿಲ್ಲೆ ಕೊರೆದು, ನಡುವೆ ನಾಲ್ಕಾಣೆ ನಾಣ್ಯದಷ್ಟು ತೂತು ಮಾಡಿ, ಇಂಜಿನ್ನಿಗೆ ಗಾಳಿ ಹೋಗುವ ಬಾಯಿಗೆ ಕೂರಿಸಿದ. ಕೆಲಸ ಬಲು ನಾಜೂಕು. ಹ್ಯಾಂಡಲಿನ ರೇಸ್ ಮೊದಲಿನಂತೆಯೇ ಪೂರ್ತಿ ತಿರುಗುತ್ತದೆ, ಊರೊಳಗೆ ಗಾಡಿ ಮೊದಲಿನಂತೆಯೇ ಓಡುತ್ತದೆ. ಅರವತ್ತರ ಹತ್ತಿರ ಬಂದಾಗ ಮಾತ್ರ ಉಸಿರು ಸಾಲದೆ ನಿಂತುಬಿಡುತ್ತದೆ. ಹುಡುಗ ಬಂದು ಕೇಳಿದರೆ ಪೆಟ್ರೋಲ್ ಚಲೋ ಇಲ್ಲ ಎಂದರಾಯಿತು ಎಂದುಕೊಂಡ.

ಕೇಳುವ ಅವಕಾಶ ಹುಡುಗನಿಗೆ ಬರಲಿಲ್ಲ. ಎರಡು ದಿನ ಮಣ್ಣಿನ ದಾರಿಯಲ್ಲಿ ತೋಟಕ್ಕೆ ಹೋಗಿ ಬಂದ. ಮೂರನೆಯ ದಿನ ದ್ರಾಕ್ಷಿಗೆ ಔಷಧ ತರಲು ಅಥಣಿಗೆ ಹೋದ. ಹೋಗುವಾಗ ರಸ್ತೆ ತುಂಬ ಕಬ್ಬಿನ ಸಾಲು, ಐವತ್ತು ದಾಟಲು ಜಾಗವಿರಲಿಲ್ಲ. ತಿರುಗಿ ಬರುವಾಗ ಹೊತ್ತು ಇಳಿದಿತ್ತು. ಅವನ ತಾಯಿ ಕಮಲಾಬಾಯಿ ಹೊತ್ತು ಮುಳುಗಿದ ಮೇಲೆ ಊಟ ಮುಟ್ಟುವವಳಲ್ಲ. ಜೈನರ ಮನೆಯ ನೇಮ ಅದು. ಮಗ ಬಾರದೆ ತಾಟಿನ ಮುಂದೆ ಕೂರುವವಳೂ ಅಲ್ಲ. ಅದು ಅವಳದೇ ನೇಮ. ಹುಡುಗ ತಡಮಾಡಿದರೆ ತಾಯಿಗೆ ಉಪವಾಸ.

ಮುಂದೆ ಎರಡು ಟ್ರಾಲಿ ಕಬ್ಬು ಎಳೆಯುತ್ತಿದ್ದ ಟ್ರ್ಯಾಕ್ಟರ್. ಡ್ರೈವರನ ಎರಡೂ ಬದಿಗೆ ಹಾಡಿನ ದೊಡ್ಡ ಡಬ್ಬಿ. ಹಾರ್ನ್ ಅಲ್ಲ, ಆಕಾಶ ಬಿದ್ದರೂ ಅವನಿಗೆ ಕೇಳುತ್ತಿರಲಿಲ್ಲ. ದೂರದಲ್ಲಿ ಒಂದು ಹಾಲಿನ ಟೆಂಪೊ. ಅಭಿನಂದನ ಜಾಗ ಅಳೆದ. ಅವನ ಗಾಡಿಗೆ ಅಷ್ಟು ಜಾಗ ಬೇಕಾದಷ್ಟಾಯಿತು. ಬಲಕ್ಕೆ ಬಂದು ರೇಸ್ ಪೂರ್ತಿ ತಿರುವಿದ. ಮೊದಲ ಟ್ರಾಲಿಯ ಪಕ್ಕಕ್ಕೆ ಬಂದಾಗ ಗಾಡಿ ಜಗ್ಗುವುದನ್ನು ನಿಲ್ಲಿಸಿತು. ಟೆಂಪೊ ಬಂದೇಬಿಟ್ಟಿತು. ಎಡಕ್ಕೆ ಒತ್ತಿದ ಹುಡುಗನ ಹ್ಯಾಂಡಲ್ ಕಬ್ಬಿಗೆ ಸಿಕ್ಕಿತು. ಟ್ರಾಲಿಯ ಗಾಲಿ ಎಡಗಾಲಿನ ಮೇಲೆ ಹಾಯಿತು.

ಮಿರಜಿನ ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಮೊಣಕಾಲಿನ ಕೆಳಗೆ ಏನೂ ಉಳಿಯಲಿಲ್ಲ.

ಮುರಿದ ಗಾಡಿ ಬಾಡಿಗೆ ಟೆಂಪೊದಲ್ಲಿ ಬಾಹುಬಲಿಯ ಗ್ಯಾರೇಜಿಗೇ ಬಂತು. ಬೇರೆ ಎಲ್ಲಿಗೆ ಹೋದೀತು? ಅವನು ಬಾಗಿಲು ಅರ್ಧ ಮುಚ್ಚಿ ಬಿಲ್ಲೆ ತೆಗೆದು ನಟ್ಟು ಬೋಲ್ಟಿನ ಡಬ್ಬಿಯ ತಳದಲ್ಲಿ ಹಾಕಿದ. ಸ್ಕ್ರೂ ಎರಡು ಸಲ ಕೆಳಗೆ ಬಿತ್ತು. ಸಂಜೆ ಭೀಮಗೊಂಡ ಬಂದ. ಒಳಗೆ ಬರಲಿಲ್ಲ, ಹೊಸ್ತಿಲ ಮೇಲೆ ನಿಂತು, "ತಗದಿ?" ಎಂದ. "ತಗದೇನಿ" ಎಂದ ಬಾಹುಬಲಿ. ಆ ಬಗ್ಗೆ ಇಬ್ಬರೂ ಆಡಿದ ಮಾತು ಇಷ್ಟೇ.

ಊರು ಸುಮ್ಮನಿರುತ್ತದೆಯೇ? ಹುಡುಗ ನೂರಾ ಇಪ್ಪತ್ತರಲ್ಲಿ ಇದ್ದ ಎಂದು ಒಬ್ಬ, ನೂರಾ ನಲವತ್ತು ಎಂದು ಇನ್ನೊಬ್ಬ. ನೋಡಿದವರು ಯಾರೂ ಇರಲಿಲ್ಲ, ಹೇಳಿದವರು ಮಾತ್ರ ಮನೆಗೊಬ್ಬರು. "ಮಿಸ್ತ್ರಿ ಹೇಳಿದ್ದ ಖರೆ ಆತ ನೋಡ್ರಿ" ಎಂದು ಚಹದಂಗಡಿಯಲ್ಲಿ ಬಾಹುಬಲಿಗೆ ಜಾಗ ಬಿಟ್ಟುಕೊಡತೊಡಗಿದರು. ರಸ್ತೆ ಸುರಕ್ಷತೆಯ ಕಾರ್ಯಕ್ರಮವೆಂದು ಮಾಸ್ತರರು ಅವನನ್ನು ಶಾಲೆಗೆ ಕರೆದೊಯ್ದು ಶಾಲು ಹೊದಿಸಿದರು. ನಾಚಿಕೆಗೆ ಒಂದು ಬಣ್ಣವಿದ್ದರೆ ಅದು ಆ ಶಾಲಿನ ಬಣ್ಣವೇ ಇರಬೇಕು. ಮಕ್ಕಳ ಮುಂದೆ ನಿಂತು ರೂಢಿಯ ಪ್ರಕಾರ ಶುರು ಮಾಡಿದ. "ಹಾಸಿಗಿ ಇದ್ದಷ್ಟ..." ಎಂದವನು ಅಲ್ಲಿಗೇ ನಿಲ್ಲಿಸಿ ಕುರ್ಚಿಗೆ ಮರಳಿದ. ಮುಂದಿನ ಪದ ಕಾಲು. ಮಾಸ್ತರರು ಮಿಸ್ತ್ರಿ ಬಹಳ ನೊಂದಿದ್ದಾರೆ ಎಂದು ಚಪ್ಪಾಳೆ ತಟ್ಟಿಸಿದರು. ಅಂದಿನಿಂದ ಗ್ಯಾರೇಜಿನಲ್ಲಿ ಉಪದೇಶ ನಿಂತಿತು. ಹೆಂಡತಿ ಸುಂದರಾ, "ಮಾತ ಕಮ್ಮಿ ಆದುವಲ್ಲ, ಆರಾಮ ಅದೀರಿಲ್ಲೋ?" ಎಂದು ಕೇಳಿದರೆ ಹೌದೆಂದು ಗೋಣು ಹಾಕುತ್ತಿದ್ದ.

ಎಂಟು ತಿಂಗಳು ಕಳೆದವು. ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿಯ ದಿನ ಬಂತು. ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಜೈನರೆಲ್ಲ ಒಬ್ಬರಿಗೊಬ್ಬರು ಕೈ ಜೋಡಿಸಿ ಕ್ಷಮೆ ಬೇಡುವ ದಿನ. ಬೆಳಗ್ಗೆ ಬಸದಿಯಲ್ಲಿ ಭೀಮಗೊಂಡನೂ ಬಾಹುಬಲಿಯೂ ಎದುರಾದರು. "ಉತ್ತಮ ಕ್ಷಮಾ." "ಉತ್ತಮ ಕ್ಷಮಾ." ಇಬ್ಬರೂ ಪರಸ್ಪರರ ಅಂಗಿಯ ಗುಂಡಿ ನೋಡಿ ಮುಂದೆ ಸರಿದರು.

ಇಳಿಹೊತ್ತಿಗೆ ಅಭಿನಂದನ ಗ್ಯಾರೇಜಿಗೆ ಬಂದ. ಕೃತಕ ಕಾಲು ಇನ್ನೂ ರೂಢಿಯಾಗಿರಲಿಲ್ಲ, ಬಗಲಿಗೆ ಕೋಲಿತ್ತು. ಕೈ ಜೋಡಿಸಲಿಲ್ಲ. ತಂದೆ ಕೂತಿದ್ದ ಅದೇ ಸ್ಟೂಲಿನ ಮೇಲೆ ಕೂತ.

"ಕಾಕಾ, ನಿಮ್ಮನ್ನ ಒಂದ್ ಮಾತ ಕೇಳ್ಬೇಕ್ರಿ. ಅವತ್ತ ಗಾಡಿ ಯಾಕ ಜಗ್ಗಲಿಲ್ಲ?"

ಬಾಹುಬಲಿಯ ಕೈಯಲ್ಲಿದ್ದ ಬಟ್ಟೆ ಅಲ್ಲೇ ನಿಂತಿತು.

"ಮಂದಿ ಜೋರ ಹೊಡದಾ ಅಂತಾರ. ಅನ್ಲಿ. ಅಪ್ಪನೂ ಬಂದವರ ಮುಂದ ಹಂಗ ಅಂತಾನ್ರಿ. ಕೇಳಿ ಕೇಳಿ ನನಗೂ ಸಂಶೇ ಬರಾಕತ್ತೈತಿ. ಆದ್ರ ಮೂರ್ ವರ್ಷ ಓಡಿಸಿದ ಕೈ ಇದು. ಅಷ್ಟು ಜಾಗಾದಾಗ ನೂರು ಸಲ ದಾಟೇನಿ. ಕಾಲ ಹೋದದ್ದಕ್ಕ ಅಳೂದಿಲ್ರಿ ನಾ. ನನ್ನ ಕೈ ನನಗ ಸುಳ್ಳ ಹೇಳ್ತೇನು ಅಂತ ಯೋಚಿಸಿ ಯೋಚಿಸಿ ನಿದ್ದಿ ಬರೂದಿಲ್ಲ."

ಬಾಹುಬಲಿ ಎದ್ದ. ಡಬ್ಬಿಯನ್ನು ನೆಲದ ಮೇಲೆ ಸುರುವಿದ. ನಟ್ಟುಗಳ ನಡುವಿನಿಂದ ಹಿತ್ತಾಳೆಯ ಬಿಲ್ಲೆ ಹೆಕ್ಕಿ ಹುಡುಗನ ಅಂಗೈಯಲ್ಲಿಟ್ಟ. ಗಾಡಿಯ ಒಳಹೊರಗು ಬಲ್ಲ ಹುಡುಗನಿಗೆ ಅದು ಏನೆಂದು ಬಿಡಿಸಿ ಹೇಳಬೇಕಾಗಲಿಲ್ಲ.

"ನಿನ್ನ ಕೈ ಸುಳ್ಳ ಹೇಳಿಲ್ಲೋ ಅಭಿ. ನಾ ಹೇಳೇನಿ."

ಹುಡುಗ ಬಿಲ್ಲೆಯನ್ನು ಬೆಳಕಿಗೆ ಹಿಡಿದು ತೂತಿನ ಆಚೆ ನೋಡಿದ. ಅವನ ಮುಖದಲ್ಲಿ ಮೊದಲು ಬಂದದ್ದು ಸಿಟ್ಟಲ್ಲ, ಸಮಾಧಾನ. ಎಂಟು ತಿಂಗಳು ಬಾಹುಬಲಿ ಈ ಒಂದು ಮಾತಿಗಾಗಿ ಹುಡುಗನನ್ನು ಕಾಯಿಸಿದ್ದ.

"ಯಾರ ಹೇಳಿದ್ರು ಹಾಕಾಕ?"

ಹುಡುಗನಿಗೆ ಅವನ ಕೈಯ ಮೇಲಿನ ನಂಬಿಕೆಯನ್ನು ತಿರುಗಿ ಕೊಟ್ಟಾಗಿತ್ತು. ತಂದೆಯನ್ನು ಕಸಿಯಲು ಮನಸ್ಸು ಬರಲಿಲ್ಲ.

"ಯಾರೂ ಹೇಳಿಲ್ಲ. ನನ್ನ ಸೊಕ್ಕ. ನನ್ನ ಮಾತ ಖರೆ ಮಾಡಾಕ ನಾನ ಹಾಕಿದೆ. ನಿಮ್ಮಪ್ಪಗ ಏನೂ ಗೊತ್ತಿಲ್ಲ."

ಅಭಿನಂದನ ಬಿಲ್ಲೆಯನ್ನು ಜೇಬಿಗಿಳಿಸಿದ. ಚಹದಂಗಡಿಯ ಮುಂದೆ ನಿಂತು ತಂದೆಗೆ ಫೋನು ಹಚ್ಚಿ, "ಗಾಡಿಗೆ ಮಿಸ್ತ್ರಿ ಕಾಕಾನೇ ಅಡ್ಡಿ ಹಾಕಿದ್ನಂತ" ಎಂದು ಇಷ್ಟನ್ನೇ ಹೇಳಿದ. ಅಂಗಡಿಯ ಮಂದಿಗೂ ಅಷ್ಟೇ ಸಾಕಾಯಿತು. ಅರ್ಧ ತಾಸಿನಲ್ಲಿ ಗ್ಯಾರೇಜಿನ ಮುಂದೆ ಹದಿನೈದಿಪ್ಪತ್ತು ಜನ ಸೇರಿದರು. ಶಾಲು ಹೊದಿಸಿದ ಮಾಸ್ತರರೂ ಅವರಲ್ಲಿದ್ದರು. ಭೀಮಗೊಂಡ ಸ್ಕೂಟರಿನಿಂದ ಇಳಿದವನೇ ನುಗ್ಗಿ ಬಂದು ಬಾಹುಬಲಿಯ ಕಾಲರ್ ಹಿಡಿದ.

ಬಾಹುಬಲಿ ಆ ಮುಖದಲ್ಲಿ ಒಂದು ಗುರುತು ಹುಡುಕಿದ. ಕ್ಷಣ ಮಾತ್ರ ಕಣ್ಣು ತಗ್ಗಿದ್ದರೂ ಸಾಕಿತ್ತು, ಉಳಿದದ್ದನ್ನೆಲ್ಲ ತಾನೇ ಹೊರುತ್ತಿದ್ದ. ಕಣ್ಣು ತಗ್ಗಲಿಲ್ಲ. ಇದರಲ್ಲಿ ತನ್ನ ಪಾಲೇ ಇಲ್ಲವೆಂಬ ಸುಳ್ಳನ್ನು ಎಂಟು ತಿಂಗಳಲ್ಲಿ ಭೀಮಗೊಂಡನೇ ನಂಬಿಬಿಟ್ಟಿದ್ದ.

"ದೋಸ್ತ ಅಂತ ನಂಬಿದ್ದೆಲ್ಲೋ ನಿನ್ನ! ನನ್ನ ಮಗನ ಗಾಡಿ ಮುಟ್ಟಾಕ ನಿನಗ ಯಾರ ಹೇಳಿದ್ರು? ಅರವತ್ತಕ್ಕ ಕಟ್ಟಿ ಹಾಕಿ ನನ್ನ ಕೂಸಿನ ಕಾಲ ತಿಂದಿ! ನಿನಗ ಕ್ಷಮಾ ಇಲ್ಲ, ಈ ಜನ್ಮಕ್ಕ ಇಲ್ಲ!"

ಮಂದಿ ಹೌದು ಹೌದೆಂದರು. ಹಿಂದೆ ಕೋಲೂರಿ ನಿಂತಿದ್ದ ಅಭಿನಂದನ ಮೆಲ್ಲಗೆ ಕೇಳಿದ.

"ಅಪ್ಪಾ, ಅರವತ್ತಕ್ಕ ಅಂತ ನಿನಗ ಯಾರ ಹೇಳಿದ್ರು?"

ಭೀಮಗೊಂಡನ ಕೈ ಕಾಲರಿನ ಮೇಲೆಯೇ ಉಳಿಯಿತು, ಹಿಡಿತ ಮಾತ್ರ ಸಡಿಲಾಯಿತು. ಅವನು ಬಾಹುಬಲಿಯ ಕಡೆ ನೋಡಿದ. ನಾನೇ ಇವನಿಗೆ ತಿಳಿಸಿದ್ದೆ ಎಂದುಬಿಡು ಎಂಬಂತೆ, ಈಗ ಬೇಡಿಕೊಳ್ಳುವ ಕಣ್ಣಿನಿಂದ ನೋಡಿದ. ಬಾಹುಬಲಿ ಹೇಳಬಹುದಿತ್ತು. ಆದರೆ ಆ ಹುಡುಗನಿಗೆ ಇನ್ನೊಂದು ಸುಳ್ಳು ಹೇಳುವಷ್ಟು ಬಲ ಅವನಲ್ಲಿ ಉಳಿದಿರಲಿಲ್ಲ.

ಅಭಿನಂದನ ಇಬ್ಬರನ್ನೂ ಒಮ್ಮೆ ನೋಡಿದ. ಜೇಬಿನಿಂದ ಬಿಲ್ಲೆ ತೆಗೆದು ತಂದೆಯ ಸ್ಕೂಟರಿನ ಸೀಟಿನ ಮೇಲಿಟ್ಟ. ಭೀಮಗೊಂಡ ಕಾಲರ್ ಬಿಟ್ಟು, "ಬಾ, ಗಾಡಿ ಹತ್ತ, ಮನಿಗಿ ಹೋಗೂಣು" ಎಂದು ಬಳಿಗೆ ಬಂದು ಹೆಗಲಿಗೆ ಕೈ ಹಾಕಲು ಹೋದ. ಹುಡುಗ ಹೆಗಲು ಸರಿಸಿಕೊಂಡ.

"ಬ್ಯಾಡ. ನಡಕೋತ ಹೋಗ್ತೇನಿ. ಹೊತ್ತ ಮುಳುಗಾಕ ಬಂತು, ಅವ್ವ ಕಾಯತಿರ್ತಾಳ."

ಕೋಲೂರಿಕೊಂಡು ಹೊರಟ. ಗ್ಯಾರೇಜಿನಿಂದ ಮನೆಗೆ ಎರಡು ಕಿಲೋಮೀಟರ್. ಎಷ್ಟು ಬೇಗ ನಡೆದರೂ ಆ ಕಾಲಿಗೆ ಒಂದು ತಾಸಿನ ದಾರಿ. ಅವನು ಹೊಸ್ತಿಲು ಮುಟ್ಟುವುದರೊಳಗೆ ಹೊತ್ತು ಮುಳುಗಿತ್ತು. ಕಮಲಾಬಾಯಿ ಅಂದೂ ಉಣ್ಣಲಿಲ್ಲ.