ತಣ್ಣೀರು ಕುಡಿದ ಥರ್ಮಾಮೀಟರು

ಇವತ್ತು ಬೆಳಿಗ್ಗೆ ನಮ್ಮನೆಯ ಥರ್ಮಾಮೀಟರು ತೀರಿಕೊಂಡಿತು. ಗುಂಡಿ ಒತ್ತಿದರೆ ಪೀಂ ಎನ್ನಲಿಲ್ಲ, ಅಂಕಿ ಮೂಡಲಿಲ್ಲ. ಎರಡು ವರ್ಷದಿಂದ ದಿನಕ್ಕೆರಡು ಸಲ ನನ್ನ ನಾಲಿಗೆಯಡಿ ಮಲಗೆದ್ದ ಜೀವ ಅದು. ಕಸದ ಬುಟ್ಟಿಗೆ ಹಾಕಲು ಕೈ ಬರಲಿಲ್ಲ. ಆಂಡರ್ಸನ್‌ಪೇಟೆಯ ಮೆಡಿಕಲ್ ಸ್ಟೋರಿಗೆ ಹೋಗಿ ಎರಡು ಕೊಡಿ ಎಂದೆ.

"ಎರಡು ಯಾಕೆ ಸಾರ್?" ಎಂದರು ಅಂಗಡಿಯವರು.

"ಒಂದು ನನಗೆ, ಒಂದು ನಮ್ಮಕ್ಕನಿಗೆ."

"ಅಕ್ಕನಿಗೆ ಜ್ವರಾನಾ?"

"ಇಲ್ಲ ಅಂತಾಳೆ. ಅದಕ್ಕೇ ತಗೊಂಡು ಹೋಗ್ತಿದ್ದೀನಿ."

ಅವರಿಗೆ ಅರ್ಥವಾಗಲಿಲ್ಲ. ನಿಮಗೂ ಆಗಿರಲಾರದು. ಬಂಗಾರಪೇಟೆಗೆ ಹೋಗುವ ಬಸ್ಸು ತುಂಬುವುದಕ್ಕೆ ಇನ್ನೂ ಹೊತ್ತಿದೆ, ಪಕ್ಕದಲ್ಲಿ ಕೂತುಕೊಳ್ಳಿ, ಹೇಳುತ್ತೇನೆ.

ನಮ್ಮಕ್ಕ ಮುನಿರತ್ನಮ್ಮ ಬೂದಿಕೋಟೆ ಕಡೆಯ ಹಳ್ಳಿಯೊಂದರ ಹಾಲಿನ ಸಂಘದಲ್ಲಿ ಹಾಲು ಪರೀಕ್ಷೆ ಮಾಡುವವಳು. ಬೆಳಿಗ್ಗೆ ಸಂಜೆ ಕ್ಯಾನು ಹಿಡಿದು ನಿಂತವರ ಸಾಲಿಗೆಲ್ಲ ಅವಳೇ ಜಡ್ಜು. ಲ್ಯಾಕ್ಟೋಮೀಟರು ಹಾಲಿಗಿಳಿಯುವ ಮೊದಲೇ ತಂದವರ ಮುಖ ನೋಡಿ ನೀರು ಎಷ್ಟು ಬೆರೆತಿದೆ ಎಂದು ಹೇಳುತ್ತಾಳಂತೆ. ಊರಿನ ಗಂಡಸರು ಪೊಲೀಸರ ಮುಂದೆ ಬೇಕಾದರೆ ಧೈರ್ಯವಾಗಿ ನಿಂತಾರು, ಅಕ್ಕನ ಮುಂದೆ ನೆಲ ನೋಡುತ್ತಾರೆ.

ನಾನೂ ಏನು ಕಡಿಮೆಯವನಲ್ಲ. ಕೆಜಿಎಫ್‌ನ ಕಾರ್ಖಾನೆಯೊಂದರಲ್ಲಿ ಇನ್‌ಸ್ಪೆಕ್ಷನ್ ಕೆಲಸ. ಮಷೀನಿನಿಂದ ಬಂದ ಪಿನ್ನು ಅಳತೆಗಿಂತ ಕೂದಲೆಳೆಯಷ್ಟು ದಪ್ಪವಿದ್ದರೂ ಪಕ್ಕಕ್ಕಿಡುತ್ತಿದ್ದೆ. ಬಿಸಿಯಾದ ಕಬ್ಬಿಣ ಸ್ವಲ್ಪ ಉಬ್ಬುತ್ತದೆ, ತಣ್ಣಗಾದರೆ ಕುಗ್ಗುತ್ತದೆ. ಇದು ಗೊತ್ತಿದ್ದ ಕಿಲಾಡಿಗಳು ದಪ್ಪ ಪಿನ್ನನ್ನು ಐಸ್ ನೀರಿನಲ್ಲಿ ಅದ್ದಿ, ಒರೆಸಿ, ಮುಗ್ಧ ಮುಖ ಮಾಡಿಕೊಂಡು ತರುತ್ತಿದ್ದರು. "ಇಲ್ಲಿಡಿ, ಒಂದು ಗಂಟೆ ಬಿಟ್ಟು ನೋಡೋಣ" ಎನ್ನುತ್ತಿದ್ದೆ. ಅವರ ಮುಖ ಆಗ ಇನ್ನೂ ಕುಗ್ಗುತ್ತಿತ್ತು.

ಇಂಥ ನನಗೆ ರಕ್ತದ ಕ್ಯಾನ್ಸರ್ ಬಂತು. ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ನನ್ನ ಮೂಳೆಯೊಳಗಿನ ಮಜ್ಜೆಯನ್ನೆಲ್ಲ ಔಷಧಿಯಿಂದ ಸುಟ್ಟು, ಅಕ್ಕನ ಮಜ್ಜೆಯನ್ನು ಹಾಕಿದರು. ಅವಳದೇ ಹೊಂದಿದ್ದು. ನಾನು ಹುಟ್ಟಾ ಓ ಗುಂಪಿನವನು, ಬರಬರುತ್ತಾ ಅಕ್ಕನ ಬಿ ಗುಂಪಾದೆ. ಅವಳ ಮೂಗಿನ ತುದಿಯ ಸಿಟ್ಟೂ ಅದರ ಜೊತೆಗೇ ಬಂತು ಎಂದು ನನ್ನ ಹೆಂಡತಿ ಸುಜಾತಳ ವಾದ. ಮೊದಲಿನ ಸಿಟ್ಟು ಯಾರದಾಗಿತ್ತು ಎಂದು ನಾನು ಕೇಳಲು ಹೋಗಿಲ್ಲ.

ಸೋಂಕು ತಾಗದಂತೆ ಒಬ್ಬನನ್ನೇ ಇಡುವ ಗಾಜಿನ ಕೋಣೆಯಲ್ಲಿ ಒಂದು ತಿಂಗಳಿಗೂ ಮೇಲೆ, ಆಮೇಲೆ ಆಸ್ಪತ್ರೆಯ ಹಿಂದಿನ ಬೀದಿಯ ಬಾಡಿಗೆ ಮನೆಯಲ್ಲಿ ಮೂರು ತಿಂಗಳು ಕಳೆದು ಕಾರ್ಖಾನೆಯ ಕ್ವಾರ್ಟರ್ಸಿಗೆ ಬಂದೆವು. ಬರುವಾಗ ವಾರ್ಡಿನ ನರ್ಸ್ ಒಂದು ಹಾಳೆ ಕೊಟ್ಟಿದ್ದರು. ಚಳಿ, ನಡುಕ, ಕೆಮ್ಮು, ಏದುಸಿರು, ಅಂಗೈಯಲ್ಲಿ ಕೆಂಪು ಗುಳ್ಳೆ, ನಿಲ್ಲದ ಭೇದಿ, ಒಸಡಿನಲ್ಲಿ ರಕ್ತ, ಹಳದಿ ಕಣ್ಣು. ಯಾವುದು ಕಂಡರೂ ಕೂಡಲೇ ಫೋನು ಮಾಡಬೇಕು. ಎಲ್ಲಕ್ಕಿಂತ ಮೇಲೆ ಕೆಂಪಕ್ಷರದಲ್ಲಿ: ಜ್ವರ ನೂರು ಪಾಯಿಂಟ್ ನಾಲ್ಕು ಮುಟ್ಟಿದರೆ ಕಾಯಬೇಡಿ, ಜ್ವರದ ಮಾತ್ರೆ ನುಂಗಬೇಡಿ, ಹೊರಟು ಬನ್ನಿ. ಸುಜಾತ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಹಾಳೆಯ ಕಾವಲಿಗೆ ಅಕ್ಕ ಸಂಘಕ್ಕೆ ರಜೆ ಹಾಕಿ ಬಂದು ಕೂತಳು. ಊರಿನ ಹಾಲಿಗೆಲ್ಲ ಒಡತಿಯಾದ ಅವಳು ನನಗೆ ಮನೆಯ ಹಾಲು ಒಂದು ತೊಟ್ಟೂ ತರುವಂತಿರಲಿಲ್ಲ, ಹಸಿ ಪದಾರ್ಥ ನಿಷೇಧ. ಆ ಸಂಕಟಕ್ಕೋ ಏನೋ, ಸಂಘದ ಹಳೆಯ ಪುಸ್ತಕವೊಂದನ್ನು ತಂದು, ಬೆಳಿಗ್ಗೆ ಸಂಜೆ ಎಂಬ ಅದರ ಎರಡು ಕಾಲಮ್ಮಿನಲ್ಲಿ ನನ್ನ ಮೈಬಿಸಿ ಬರೆಯತೊಡಗಿದಳು.

ಮನೆಗೆ ಬಂದ ಹನ್ನೆರಡನೆಯ ದಿನ. ಬಿಸಿಲು ಚುರುಗುಟ್ಟುವ ಮಧ್ಯಾಹ್ನ ನನ್ನ ಬೆನ್ನಿನಲ್ಲಿ ಸಣ್ಣಗೆ ಚಳಿ ಹರಿಯಿತು. ಯಾರಿಗೂ ಹೇಳದೆ ಬಚ್ಚಲಿಗೆ ಹೋಗಿ ಥರ್ಮಾಮೀಟರು ಇಟ್ಟೆ. ನೂರು ಪಾಯಿಂಟ್ ಎಂಟು.

ಈಗ ಹೇಳುವುದಕ್ಕೆ ನಾಚಿಕೆಯಾಗುತ್ತದೆ. ನನಗೆ ಜ್ವರದ ಭಯವಿರಲಿಲ್ಲ, ಆ ಗಾಜಿನ ಕೋಣೆಯ ಭಯವಿತ್ತು. ಒಂದು ಸಲ ಹೇಗೋ ಹೊರಗೆ ಬಂದಿದ್ದೆ, ಎರಡನೆಯ ಸಲ ಬಿಡುವುದಿಲ್ಲ ಎಂದು ಮನಸ್ಸು ಹೇಳುತ್ತಿತ್ತು. ಕಿಟಕಿಯಾಚೆ ಕೋರಮಂಡಲ್ ಕಡೆಯ ಗಣಿಮಣ್ಣಿನ ಬೂದು ದಿಬ್ಬ, ಒಳಗೆ ಸುಜಾತ ಒಗ್ಗರಣೆ ಹಾಕುವ ಸದ್ದು, ಇಷ್ಟನ್ನು ಬಿಟ್ಟು ಹೋಗಲಾರೆ ಎನ್ನಿಸಿತು. ಸಂಜೆ ಅಕ್ಕ ಪುಸ್ತಕ ತೆಗೆಯುವ ಹೊತ್ತಿಗೆ ಸರಿಯಾಗಿ ಫ್ರಿಜ್ಜು ತೆರೆದೆ. ಆ ಹಾಳೆ ಅಂಟಿಸಿದ ಬಾಗಿಲನ್ನೇ ತೆರೆದೆ ನೋಡಿ, ಎಂಥ ಭಂಡತನ! ಕಾಯಿಸಿ ಆರಿಸಿಟ್ಟಿದ್ದ ತಣ್ಣನೆಯ ನೀರನ್ನು ಬಾಯ್ತುಂಬ ಹಿಡಿದು, ಇಪ್ಪತ್ತು ಎಣಿಸಿ, ನುಂಗಿ, ಇನ್ನೊಂದು ಗುಟುಕು ಹಿಡಿದು ನುಂಗಿ, ಬಂದು ಕೂತೆ. ಪೀಂ ಎಂದಿತು. ತೊಂಬತ್ತೇಳು.

ಅಕ್ಕ ಪೆನ್ನು ಎತ್ತಿದವಳು ಬರೆಯಲಿಲ್ಲ. ಅಂಕಿ ನೋಡಿದಳು, ನನ್ನ ಮುಖ ನೋಡಿದಳು.

"ಬೆಳಿಗ್ಗೆ ತೊಂಬತ್ತೆಂಟೂವರೆ ಇತ್ತು. ಊರೆಲ್ಲಾ ಬೇಯ್ತಾ ಅದೆ, ನಿನ್ ಮೈ ಮಾತ್ರ ತಣ್ಗಾಯ್ತೇನ್ಲಾ?"

"ಒಳ್ಳೇದೇ ಅಲ್ವಾ ಅಕ್ಕಾ."

ಅವಳು ಹಿಂಗೈಯನ್ನು ನನ್ನ ತುಟಿಗೆ ಇಟ್ಟಳು, ಆಮೇಲೆ ಕುತ್ತಿಗೆಗೆ. "ತುಟಿ ಐಸು, ಕತ್ತು ಕೆಂಡ. ನೀರ್ ಆಕಿದ್ದೀಯ ಕಣ್ಲಾ! ಸಂಗದಾಗೆ ನೀರ್ ಆಕ್ದೋರ ಹಾಲ್ನ ವಾಪಸ್ ಕಳಿಸ್ತೀನಿ. ನಿನ್ನ ಎಲ್ಲಿಗ್ಲಾ ಕಳ್ಸಾದು?"

ನಾನು ಪಿನ್ನು ತಂದ ಕಿಲಾಡಿಗಳ ಹಾಗೆ ನೆಲ ನೋಡಿದೆ. ಅಕ್ಕ ಎದುರಿಗೆ ಕುರ್ಚಿ ಎಳೆದುಕೊಂಡು ಗಡಿಯಾರ ನೋಡುತ್ತಾ ಕೂತಳು. ಕಾಲು ಗಂಟೆ ನೀರಿಲ್ಲ, ಮಾತಿಲ್ಲ. ಮತ್ತೆ ಇಟ್ಟಾಗ ನೂರೊಂದೂವರೆ.

ಸುಜಾತ ಮಾತ್ರೆಯ ಡಬ್ಬಿ ತಂದಳು. "ಒಂದು ಜ್ವರದ ಮಾತ್ರೆ ಕೊಡ್ಲಾ ಅಕ್ಕಾ?"

"ಬ್ಯಾಡಮ್ಮ. ಅದೂ ನೀರ್ ಆಕ್ದಂಗೇಯ. ಅಂಕಿ ಇಳೀತದೆ, ಒಳ್ಗಿರೋದು ಅಂಗೇ ಇರ್ತದೆ. ಪೋನ್ ಮಾಡು."

ನರ್ಸ್ ಎರಡೇ ಮಾತು ಹೇಳಿದರು: ಈಗಲೇ ಹೊರಡಿ, ದಾರಿಯಲ್ಲಿ ಎಲ್ಲೂ ನಿಲ್ಲಬೇಡಿ. ನಾನು ಕೊನೆಯ ಪ್ರಯತ್ನವಾಗಿ, "ನಾಳೆ ಬೆಳಿಗ್ಗೆವರೆಗೂ ನೋಡೋಣ ಅಕ್ಕಾ" ಎಂದೆ.

"ನೋಡಾಕೆ ಅದೇನು ನಿಂದಾ? ಒಳ್ಗಿರೋದು ನಂದು ಕಣ್ಲಾ. ನಾನ್ ಕೊಟ್ಟಿದ್ದ ನೀನ್ ಕೆಡಿಸ್ಕಂತೀನಿ ಅಂದ್ರೆ ಬಿಡ್ತೀನಾ?" ಎಂದಳು. ಕಣ್ಣೊರೆಸಿಕೊಂಡು, ಗೋಡೆಯ ಕಡೆ ತಿರುಗಿ ಹೇಳಿದಳು: "ಚಪ್ಲಿ ಆಕ್ಕೋ."

ಗೊಣಗುತ್ತಾ ಚಪ್ಪಲಿ ಹುಡುಕಿದೆ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ನನ್ನ ಹಲ್ಲು ಕಟಕಟ ಎನ್ನುತ್ತಿತ್ತು. ಎದೆಯಲ್ಲಿ ಸೋಂಕು. ಹೋದ ಕೂಡಲೇ ರಕ್ತನಾಳಕ್ಕೆ ಔಷಧಿ ಹತ್ತಿಸಿದರು. ಮಾರನೆಯ ದಿನ ಡಾಕ್ಟರು, "ಬೆಳಿಗ್ಗೆವರೆಗೂ ಕಾದಿದ್ದರೆ..." ಎಂದು ಶುರು ಮಾಡಿ, ಅಕ್ಕನ ಮುಖ ನೋಡಿ, ವಾಕ್ಯ ಮುಗಿಸದೆ ಹೋದರು. ಒಂಬತ್ತು ದಿನಕ್ಕೆ ಮನೆಗೆ ಬಂದೆ. ಗಾಜಿನ ಕೋಣೆಗೂ ಹೊರಬಾಗಿಲಿದೆ ಎಂದು ನನಗೆ ತಿಳಿದದ್ದು ಆಗಲೇ.

ಇಷ್ಟು ಹೇಳುವಷ್ಟರಲ್ಲಿ ಬಸ್ಸು ಬಂಗಾರಪೇಟೆ ಸೇರಿತು. ಊರಿನ ಹೆಸರಾಂತ ಪಾನಿಪುರಿಯ ಗಾಡಿಗಳು ಇನ್ನೂ ಬಂದಿರಲಿಲ್ಲ, ಬಾಯಿ ಕಟ್ಟಿಕೊಂಡಿರಬೇಕಾದ ನನ್ನ ಪುಣ್ಯ. ಅಲ್ಲಿಂದ ಬೂದಿಕೋಟೆ ಬಸ್ಸು ಹಿಡಿದೆ. ಮೂರು ದಿನದಿಂದ ಫೋನಿನಲ್ಲಿ ಅಕ್ಕನ ದನಿ ಸರಿಯಿರಲಿಲ್ಲ. ಕೇಳಿದರೆ, "ಏನಿಲ್ಲ ಕಣ್ಲಾ, ವಸಿ ಮೈಕೈ ನೋವು, ಸಂಗ ಬಿಟ್ಟು ಎಲ್ಲಿಗೋಗ್ಲಿ" ಎನ್ನುತ್ತಿದ್ದಳು. ನಿನ್ನೆ ಮಾತಿನ ನಡುವೆ ಎರಡು ಸಲ ಉಸಿರೆಳೆದುಕೊಂಡಿದ್ದಳು.

ಹೋದರೆ ಜಗಲಿಯ ಬಿಸಿಲಿನಲ್ಲಿ ಸ್ವೆಟರ್ ಹಾಕಿಕೊಂಡು ಕೂತಿದ್ದಳು. ನಾನು ಹೊಸ ಥರ್ಮಾಮೀಟರಿನ ಡಬ್ಬಿ ತೆಗೆದೆ. ಅದನ್ನು ನೋಡಿದ್ದೇ ತಡ, ಒಂಚೂರೂ ನಗದೆ ಎದ್ದಳು. "ಇರ್ಲಾ, ವಸಿ ನೀರ್ ಕುಡ್ಕಂಡ್ ಬತ್ತೀನಿ."

ಸೆರಗು ಹಿಡಿದು ಕೂರಿಸಿದೆ. ಎದುರಿಗೆ ನಾನೂ ಕೂತು ಕಾಲು ಗಂಟೆ ಗಡಿಯಾರ ನೋಡಿದೆ. ನೂರೆರಡು.

"ನಾಳೆ ನೋಡಣ. ಸಂಜೆ ಹಾಲು ಯಾರು..." ಎಂದು ಶುರು ಮಾಡಿದಳು.

"ಚಪ್ಲಿ ಆಕ್ಕೋ ಅಕ್ಕಾ" ಎಂದೆ.

ಕಾರ್ಖಾನೆ ಸೇರಿದ ಮೇಲೆ ನಾನು ನಮ್ಮೂರಿನ ಆ ಭಾಷೆ ಬಿಟ್ಟು ಎಷ್ಟೋ ವರ್ಷವಾಗಿತ್ತು. ಅಕ್ಕ ಒಂದು ಗಳಿಗೆ ನನ್ನನ್ನೇ ನೋಡಿದಳು. ಆಮೇಲೆ ಗೊಣಗುತ್ತಾ, ಜಗಲಿಯ ಕೆಳಗೆ ಕಾಲಾಡಿಸಿ ಚಪ್ಪಲಿ ಹುಡುಕಿದಳು.