ಸ್ವಿಚ್ ಬಾಕ್ಸಿನಲ್ಲಿ ನೀರು

ಅವನಿಗೆ ಟೆಸ್ಟರ್ ಎಂಬ ಹೆಸರು ಬಿದ್ದು ಎಷ್ಟು ಕಾಲವಾಯಿತೋ, ಈಗ ಅಕ್ಕನೊಬ್ಬಳನ್ನು ಬಿಟ್ಟರೆ ಅಪ್ಪ ಅಮ್ಮ ಇಟ್ಟ ಹೆಸರು ಹಿಡಿದು ಕೂಗುವವರೇ ಇಲ್ಲ. ಎಲೆಕ್ಟ್ರಿಷಿಯನ್ ಜೇಬಿನಲ್ಲಿ ಟೆಸ್ಟರ್ ಇರುವುದು ದೊಡ್ಡ ವಿಷಯವೇನಲ್ಲ. ಇವನು ಊಟದ ಡಬ್ಬಿಯ ಮುಚ್ಚಳ ಎಬ್ಬಿಸುವುದಕ್ಕೂ, ಬೆನ್ನು ತುರಿಸಿಕೊಳ್ಳುವುದಕ್ಕೂ, ಎದುರಿಗಿದ್ದವನ ಎದೆಗೆ ಗುರಿಯಿಟ್ಟು ವಾದ ಮಾಡುವುದಕ್ಕೂ ಅದನ್ನೇ ಹಿಡಿಯುತ್ತಿದ್ದ. ಕೆಲಸದ ವಿಷಯದಲ್ಲಿ ಎರಡು ಮಾತಿಲ್ಲ. ಅವನು ಕೂರಿಸಿದ ಬಾಕ್ಸುಗಳು ದಾರ ಹಿಡಿದಂತೆ ಒಂದೇ ಸಾಲಿನಲ್ಲಿರುತ್ತಿದ್ದವು. ಕೋಪ ಮೂಗಿನ ತುದಿಯಲ್ಲಿತ್ತು, ಅದೊಂದೇ ತೊಂದರೆ.

ಇಂಥವನ ಅಕ್ಕನನ್ನು ಕೈ ಹಿಡಿದವನು ಪ್ಲಂಬರ್. ಕರೆದರೆ ಒಂದು ಮಾತು, ಕರೆಯದಿದ್ದರೆ ಅದೂ ಇಲ್ಲ, ಅಂಥ ಮನುಷ್ಯ. ಭಾವ, ಭಾವಮೈದ ಇಬ್ಬರೂ ಒಬ್ಬನೇ ಮೇಸ್ತ್ರಿಯ ಕೈಕೆಳಗೆ ಎಷ್ಟೋ ಮನೆಗಳನ್ನು ಮುಗಿಸಿಕೊಟ್ಟಿದ್ದರು. ಕಟ್ಟಡದ ಕೆಲಸ ಕಂಡವರಿಗೆ ಇದರ ಪಾಡು ಬಿಡಿಸಿ ಹೇಳಬೇಕಿಲ್ಲ. ಗೋಡೆ ಒಂದು, ಕೊರೆಯುವವರು ಇಬ್ಬರು. ಒಬ್ಬನದು ನೀರು, ಇನ್ನೊಬ್ಬನದು ಕರೆಂಟು. ಇಷ್ಟು ದಿನ ಜಗಳವಾಗದೆ ಇದ್ದದ್ದೇ ಹೆಚ್ಚು.

ಆಗಿದ್ದು ಈ ಮನೆಯಲ್ಲಿ. ಹಾಲಿಗೂ ಬಚ್ಚಲಮನೆಗೂ ನಡುವೆ ಒಂದೇ ಗೋಡೆ. ಟೆಸ್ಟರ್ ಇಳಿಸಿದ್ದ ವೈರ್ ಪೈಪಿನ ಮಗ್ಗುಲಿಗೇ ಭಾವ ಉಳಿಯಿಟ್ಟು ಕೊರೆಯತೊಡಗಿದ.

“ಕಣ್ಣು ಎಲ್ಲಿಟ್ಕೊಂಡಿದ್ದೀರಾ ಭಾವ? ನನ್ನ ಪೈಪು ಸೀಳಿದ್ರೆ ಇಡೀ ಗೋಡೆ ಒಡೀಬೇಕು. ಗೊತ್ತಾಗಲ್ವಾ?” ಎಂದು ಟೆಸ್ಟರ್ ಎಲ್ಲರ ಮುಂದೆ ಕಿರುಚಿದ.

ಭಾವ ಉಳಿ ಕೆಳಗಿಟ್ಟು ಅವನನ್ನೊಮ್ಮೆ ನೋಡಿದ, ಮತ್ತೆ ಕೈಗೆತ್ತಿಕೊಂಡ. ಅವತ್ತಿನಿಂದ ಮಾತು ನಿಂತಿತು.

ಮಾತು ನಿಂತರೂ ಕೆಲಸ ನಿಲ್ಲುವಂತಿಲ್ಲವಲ್ಲ. ಇಬ್ಬರೂ ಒಂದೇ ಕೋಣೆಯಲ್ಲಿ, ಒಬ್ಬರ ಬೆವರು ಇನ್ನೊಬ್ಬರಿಗೆ ತಾಗುವಷ್ಟು ಹತ್ತಿರ ನಿಂತು, ನಡುವೆ ಮೇಸ್ತ್ರಿಯನ್ನು ಇಟ್ಟುಕೊಂಡು ವ್ಯವಹರಿಸುತ್ತಿದ್ದರು. “ಮೇಸ್ತ್ರಿ, ಟ್ಯಾಂಕ್ ತುಂಬಿದ್ರೆ ಮೋಟರ್ ತಾನೇ ನಿಲ್ಲೋ ಸ್ವಿಚ್ಚು ಹಾಕ್ಬೇಕಲ್ಲ, ಅದರ ತೇಲು ಬುರುಡೆ ಅವರು ಟ್ಯಾಂಕಿನೊಳಗೆ ಕಟ್ಟಿದ ಮೇಲೆ ವೈರ್ ಎಳೀತೀನಿ ಅಂತ ಹೇಳಿ” ಎಂದು ಟೆಸ್ಟರ್. “ಮೇಸ್ತ್ರಿ, ಅವನು ವೈರ್ ಎಳೆದ ಮೇಲೆ ಕಟ್ತೀನಿ ಅಂತ ಹೇಳಿ” ಎಂದು ಭಾವ. ಮೇಸ್ತ್ರಿ ಎರಡನ್ನೂ ಪ್ರಾಮಾಣಿಕವಾಗಿ ತಲುಪಿಸಿದ. ಅವನು ಮಾಡಲಿ ಎಂದು ಇವನು, ಇವನು ಮಾಡಲಿ ಎಂದು ಅವನು, ಕೊನೆಗೆ ಯಾರೂ ಮಾಡಲಿಲ್ಲ. ಮೋಟರನ್ನು ಕೈಯಿಂದಲೇ ಹಾಕಿ ಆರಿಸುತ್ತಿದ್ದರು.

ಈ ಮನೆ ಕಟ್ಟಿಸುತ್ತಿದ್ದ ಗೃಹಿಣಿ ಸಾಮಾನು ಕಟ್ಟಿಕೊಂಡು ಬಾಡಿಗೆ ಮನೆ ಬಿಡಲು ತಯಾರಾಗಿ ನಿಂತಿದ್ದಾಗ ಹಾಲಿನ ಸ್ವಿಚ್ ಬಾಕ್ಸಿನಿಂದ ನೀರು ಬಂತು. ಗೋಡೆಯ ಮೇಲೆ ಸಣ್ಣದಾಗಿ ಇಳಿದು ಹೊಸ ಬಣ್ಣದಲ್ಲಿ ಉದ್ದನೆಯ ಕಲೆ ಮಾಡಿತು. ಟೆಸ್ಟರ್ ಮುಖ್ಯ ಸ್ವಿಚ್ಚು ಆರಿಸಿ ಬಾಕ್ಸು ಬಿಚ್ಚಿದ. ಗೋಡೆಯೊಳಗಿಂದ ಇಳಿದು ಬರುವ ವೈರ್ ಪೈಪಿನ ಬಾಯಲ್ಲಿ ಹನಿ ತೂಗುತ್ತಿತ್ತು. ಅದು ಬಚ್ಚಲ ಪೈಪಿನ ಮಗ್ಗುಲಲ್ಲೇ ಇದ್ದ ಪೈಪು. ಇನ್ನೇನು ಯೋಚನೆ ಮಾಡುವುದು? ಭಾವನ ಉಳಿ ತಗುಲಿ ತನ್ನ ಪೈಪು ಸೀಳಿದೆ, ಭಾವನ ಪೈಪು ಸೋರಿ ಅದರೊಳಗೆ ಇಳಿಯುತ್ತಿದೆ. ಕೈಯಲ್ಲಿದ್ದ ಟೆಸ್ಟರನ್ನು ಗೋಡೆಗೆ ತಿವಿದು, “ಇಲ್ಲೇ. ಬೇರೆ ಎಲ್ಲೂ ಅಲ್ಲ” ಎಂದ.

ಭಾವ ಒತ್ತಡ ನೋಡುವ ಪಂಪು ತಂದ. ಮೊದಲು ಟ್ಯಾಂಕ್ ಭರ್ತಿ ಮಾಡಿದ, ಆಮೇಲೆ ಬಚ್ಚಲ ಪೈಪಿಗೆ ಒತ್ತಡ ಕೊಟ್ಟು ಕಾದ. ಪಂಪಿನ ಮೀಟರಿನ ಮುಳ್ಳು ಕದಲಲಿಲ್ಲ. ಪೈಪು ಸೋರುತ್ತಿಲ್ಲ ಎಂದು ಅದರರ್ಥ. ಆದರೆ ಅದೇ ಹೊತ್ತಿಗೆ ಬಾಕ್ಸಿನಲ್ಲಿ ಹನಿ ಶುರುವಾಯಿತು. ಮರುದಿನ ಮತ್ತೆ ಅದೇ ಕಥೆ: ಮುಳ್ಳು ಕದಲದು, ನೀರು ನಿಲ್ಲದು. ಪರೀಕ್ಷೆ ಮಾಡದ ದಿನ ಬಾಕ್ಸು ಒಣಗಿರುತ್ತಿತ್ತು. ಟೆಸ್ಟರ್‌ಗೆ ಇದರ ತಲೆಬುಡ ಅರ್ಥವಾಗಲಿಲ್ಲ. ಬಿಟ್ಟಿದ್ದರೆ ಒಣಗಿರುತ್ತದೆ, ಮುಟ್ಟಿದರೆ ಸೋರುತ್ತದೆ, ಸೋರಿದರೂ ಮುಳ್ಳು ಸುಮ್ಮನಿರುತ್ತದೆ! ರಾತ್ರಿಯೂಟಕ್ಕೆ ಕೂತರೂ ಗೋಡೆಯೇ ಕಣ್ಣ ಮುಂದೆ. ತಲೆ ಮೊಸರು ಗಡಿಗೆಯಾಗಿತ್ತು.

ಅಕ್ಕ ಫೋನು ಮಾಡಿದಳು. “ಇವರು ಸರಿಯಾಗಿ ಊಟ ಮಾಡ್ತಿಲ್ಲ ಕಣೋ. ಈ ಕೆಲಸದಲ್ಲಿ ಹೆಸರು ಕೆಟ್ರೆ ಇನ್ಯಾರು ಕರೀತಾರೆ ಅಂತಾರೆ. ನಿಜವಾಗ್ಲೂ ಇವರದ್ದೇ ತಪ್ಪೇನೋ?”

“ನಂಗೊತ್ತಿಲ್ಲ ಅಕ್ಕ” ಎಂದ. ಗೋಡೆಯ ಮುಂದೆ ಅಷ್ಟು ಜೋರಾಗಿ ಹೇಳಿದವನ ಬಾಯಲ್ಲಿ ಅಕ್ಕನೆದುರು ಆ ಮಾತು ಹೊರಡಲಿಲ್ಲ. ತಾನು ಹೇಳಿದ್ದು ಸರಿಯಾದರೆ ಅಕ್ಕನ ಮನೆಯ ಅನ್ನಕ್ಕೇ ಪೆಟ್ಟು. ತಪ್ಪಾದರೆ? ಅದನ್ನು ಯೋಚಿಸಲು ಅವನಿಗೆ ಧೈರ್ಯ ಸಾಲಲಿಲ್ಲ.

ಗೃಹಿಣಿಗೆ ತಾಳ್ಮೆ ಮುಗಿದಿತ್ತು. ಇವತ್ತು ಇತ್ಯರ್ಥವಾಗಲೇಬೇಕು ಎಂದಳು. ಒಡೆಯುವುದಾದರೆ ಬಚ್ಚಲ ಕಡೆಯಿಂದಲೇ ಒಡೆಯಬೇಕು. ಅಲ್ಲಿ ಹಚ್ಚಿದ್ದ ನೀಲಿ ಟೈಲ್ಸ್ ಈಗ ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ.

ಭಾವ ಮೇಸ್ತ್ರಿಯ ಕಡೆ ತಿರುಗಿದ. “ಇಲ್ಲೇ ಅಂತಾನಾ ಅವನು?”

“ಇಲ್ಲೇ ಅಂತಾನೆ” ಎಂದ ಮೇಸ್ತ್ರಿ.

ಭಾವ ಉಳಿ ಸುತ್ತಿಗೆ ತೆಗೆದುಕೊಂಡು ಬಚ್ಚಲಮನೆಗೆ ಹೋದ. ಮೊದಲ ಪೆಟ್ಟು ಬಿದ್ದಾಗ ಟೆಸ್ಟರ್‌ಗೆ ಗೆದ್ದೆ ಅನ್ನಿಸಬೇಕಾಗಿತ್ತು, ಅನ್ನಿಸಲಿಲ್ಲ. ಅಲ್ಲಿ ನಿಲ್ಲಲಾರದೆ ಮೆಟ್ಟಿಲು ಹತ್ತಿ ಟೆರೇಸಿಗೆ ಬಂದ.

ಅಂಗಳ ತೊಳೆಯಲು ಯಾರೋ ಮೋಟರ್ ಹಾಕಿ ಮರೆತಿದ್ದರು. ಟ್ಯಾಂಕ್ ತುಂಬಿ, ಕತ್ತಿನ ಹತ್ತಿರದ ತೂತಿನಿಂದ ನೀರು ಧೊಳಧೊಳನೆ ಸುರಿಯುತ್ತಿತ್ತು. ಆ ತೂತಿಗೆ ಹೊರಕೊಳವೆ ಇನ್ನೂ ಜೋಡಿಸಿರಲಿಲ್ಲ. ನೀರು ಬೀಳುತ್ತಿದ್ದದ್ದು ನೇರವಾಗಿ ಅವನದೇ ವೈರ್ ಪೈಪಿನ ಬಾಯಿಗೆ, ತೇಲು ಬುರುಡೆಯ ವೈರಿಗಾಗಿ ಹಾಲಿನ ಬಾಕ್ಸಿನವರೆಗೆ ಇಳಿಬಿಟ್ಟಿದ್ದ ಪೈಪಿಗೆ.

ಟೆಸ್ಟರ್ ಬಗ್ಗಿ ನೋಡಿದ. ಆ ಪೈಪನ್ನು ಅಷ್ಟು ಹತ್ತಿರಕ್ಕೆ ಬಗ್ಗಿಸಿ ಇಟ್ಟವನು ತಾನೇ. ಭಾವನ ಕೈಗೆ ಸುಲಭವಾಗಿ ಸಿಗಲಿ ಎಂದು, ಯಾರಿಗೂ ಹೇಳದೆ. ಬಾಯಿಗೆ ಬಟ್ಟೆ ತುರುಕಿದ್ದ. ಈಗ ಬಟ್ಟೆಯಿರಲಿಲ್ಲ. ಅದರ ಜಾಗದಲ್ಲಿ ವೈರ್ ಎಳೆಯುವುದಕ್ಕೆಂದು ಒಂದು ಹುರಿ ಪೈಪಿನೊಳಕ್ಕೆ ಇಳಿದಿತ್ತು. ತುದಿಯನ್ನು ಟ್ಯಾಂಕಿನ ಕಾಲಿಗೆ ಕಟ್ಟಲಾಗಿತ್ತು. ಪ್ಲಂಬರುಗಳು ಹಾಕುವ ಗಂಟು. ಭಾವಮೈದನಿಗೆ ವೈರ್ ಎಳೆಯಲು ಸುಲಭವಾಗಲಿ ಎಂದು ಭಾವ ಬಟ್ಟೆ ಕಿತ್ತು ಹುರಿ ಬಿಟ್ಟಿದ್ದ, ಯಾರಿಗೂ ಹೇಳದೆ. ಪರೀಕ್ಷೆಗೆಂದು ಭಾವ ಟ್ಯಾಂಕ್ ತುಂಬಿಸಿದಾಗಲೆಲ್ಲ ಬಾಕ್ಸು ಸೋರಿದ್ದು ಇದಕ್ಕೇ.

ಕೆಳಗೆ ಸುತ್ತಿಗೆ ಸದ್ದು ನಿಂತಿರಲಿಲ್ಲ. ಟೆಸ್ಟರ್ ಓಡಿದ. “ಭಾವಾ! ನಿಲ್ಲಿಸಿ ಭಾವಾ!”

ಆಗಲೇ ನೀಲಿ ಚೂರುಗಳು ನೆಲದ ತುಂಬ ಚೆಲ್ಲಿದ್ದವು. ಗೋಡೆಯ ಹೊಟ್ಟೆಯಲ್ಲಿ ಎರಡು ಪೈಪುಗಳೂ ಒಂದು ಗೀರೂ ಇಲ್ಲದೆ, ಹೊರಮೈ ಒಣಗಿ ನಿಂತಿದ್ದವು. ಟೆಸ್ಟರ್ ಏದುಸಿರು ಬಿಡುತ್ತ ಟೆರೇಸಿನಲ್ಲಿ ಕಂಡದ್ದನ್ನು ಹೇಳಿದ. ಭಾವ ಧೂಳು ತುಂಬಿದ ರೆಪ್ಪೆ ಒರೆಸಿಕೊಂಡು ಪೂರ್ತಿ ಕೇಳಿಸಿಕೊಂಡ.

“ಮುಳ್ಳು ಕದಲಿರ್ಲಿಲ್ಲ ಭಾವ. ನಿಮ್ಮ ಪೈಪು ಸರಿ ಇದೆ ಅಂತ ನಿಮಗೆ ಗೊತ್ತಿತ್ತು. ಮತ್ತೆ ಯಾಕೆ ಒಡೆದ್ರಿ?”

ಭಾವನಿಗೆ ಆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು.

“ಮುಳ್ಳು ಕೆಟ್ಟಿರಬಹುದು ಅಂದ್ಕೊಂಡೆ. ನೀನು ಇಲ್ಲೇ ಅಂದ್ಯಲ್ಲ” ಎಂದ.

ಟೆಸ್ಟರ್ ಆ ಚೂರುಗಳ ನಡುವೆಯೇ ಕುಳಿತು ಒಂದೊಂದನ್ನೇ ಆಯತೊಡಗಿದ.